ಸಿಗಡಿ ತೊಟ್ಟಿಗೆ ಬಂದ ಮರೋಳದ ಗಿಡ

"ನಾಕ ಗಂಟೆ ಬಸ್ಸಿಗೆ ನನ್ನ ತವರಿಗೆ ಕಳಸ್ತಾರಂತ್ರಿ, ನರ್ಸಕ್ಕಾ. ನೀರಿಗೆ ವಿಷ ಹಾಕೀನಂತ ನನ್ನ ಮ್ಯಾಲೆ ಅಪವಾದ ಬಂದೈತಿ."

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಸುನಿತಾಳ ಮುಖ ಬಿಳುಚಿಹೋಗಿತ್ತು. ಮಾಬುಬಿಯ ಪಡಸಾಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಬೋರವ್ವನ ರಾಟೆ ನಿಂತಿತು. ಸುನಿತಾ ಮದುವೆಯಾಗಿ ವರ್ಷ ತುಂಬದ ಹುಡುಗಿ. ಬೋರವ್ವನ ಮಗಳು ಕಸ್ತೂರಿಯನ್ನೂ ಇಂಥದೇ ಒಂದು ಮಾತಿನ ಮೇಲೆ ಗಂಡನ ಮನೆಯವರು ತಂದು ಬಿಟ್ಟುಹೋಗಿದ್ದರು. ಆಮೇಲೆ ಅವಳು ಆರು ತಿಂಗಳು ಬದುಕಿರಲಿಲ್ಲ. ಬೋರವ್ವ ಮನಸ್ಸಿನಲ್ಲೇ ಬನಶಂಕರಿಯನ್ನು ನೆನೆದಳು.

ಮಾಬುಬಿ ಮಾತ್ರ ನಿಧಾನವಾಗಿ ಕನ್ನಡಕ ಒರೆಸಿಕೊಂಡಳು. ಮೂವತ್ತಮೂರು ವರ್ಷ ದವಾಖಾನೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾಗಿದ್ದ ಅವಳು ಇಳಕಲ್ಲಿನ ಆ ಓಣಿಗೆ ಪತ್ತೇದಾರಳೂ ಆಗಿದ್ದಳು. ಕಳೆದ ಕಾಲುಂಗುರದಿಂದ ಹಿಡಿದು ಅನುಮಾನದ ಸಾವಿನವರೆಗೆ ಜನ ಮೊದಲು ಅವಳ ಕದ ತಟ್ಟುತ್ತಿದ್ದರು. ಅವಳು ಹೋದಲ್ಲೆಲ್ಲ ಬೋರವ್ವ ಹಿಂದೆಯೇ ಇರುತ್ತಿದ್ದಳು.

"ಮೊದಲಿಂದ ಹೇಳು. ಸತ್ತದ್ದು ಯಾರು?"

"ಸಿಗಡಿರಿ. ನಮ್ಮನಿಯವರು ಗಾಜಿನ ತೊಟ್ಯಾಗ ಸಾಕಿದ್ದು. ಉಗುರಿನಷ್ಟ ಕೆಂಪನ್ನವು. ಅವಕ್ಕ ಮರಿ ಆಗಾಕ, ಅಡಗಾಕ ಗಿಡಾ ಬೇಕಂದ್ರು. ನನ್ನ ತವರೂರು ಮರೋಳದ ಕಾಲುವಿಯಿಂದ ನಾನ ತಂದೆ."

"ತಂದು ಸೀದಾ ಹಾಕಿದಿ?"

"ಇಲ್ರಿ. ಕಾಲುವಿ ಗಿಡಕ್ಕ ಹೊಲದ ಔಷಧ ಹತ್ತಿರ್ತದಂತ ಅಂಜಿಕಿ ಇತ್ತು. ಬ್ಯಾರೆ ಬಕೀಟನ್ಯಾಗ ಇಟ್ಟು ಎರಡು ವಾರ, ದಿನಾ ಬಿಟ್ಟು ದಿನ ನೀರ ಬದಲಿ ಮಾಡೀನಿ. ಕಡೀಗೆ ಮೂರ ಸಿಗಡಿ ಅದರಾಗ ಬಿಟ್ವಿ. ಐದ ದಿನ ಆದ್ರೂ ಆರಾಮ ಇದ್ದವು. ಆಮ್ಯಾಲೆ ಆದಿತ್ಯವಾರ ಸಂಜಿಗೆ ಅರ್ಧ ಗಿಡ ತೊಟ್ಯಾಗ ನೆಟ್ಟೆ. ಸೋಮವಾರ ಮಧ್ಯಾಹ್ನ ನೋಡಿದ್ರ ತೊಟ್ಯಾಗ ಒಂದೂ ಉಳಿದಿಲ್ರಿ."

ತೊಟ್ಟಿಗೂ ಅಡುಗೆಗೂ ನೆಲದಡಿಯ ಟಾಕಿಯ ನೀರು ಒಂದೇ. ಹೀಗಾಗಿ ಸಿಗಡಿಯ ಸಾವು ಮನುಷ್ಯರ ಭಯವಾಯಿತು. ಮಾವ ರಾಮಲಿಂಗಪ್ಪ ಟಾಕಿಯನ್ನು ಬರಿದು ಮಾಡಿಸಿದ. ಅಲ್ಲಿಂದಲೇ ನೀರು ಒಯ್ಯುತ್ತಿದ್ದ ಪಕ್ಕದ ಚಂದವ್ವನ ಮೊಮ್ಮಗನಿಗೆ ಮಂಗಳವಾರ ಹೊಟ್ಟೆನೋವು ಬಂದಾಗ ಓಣಿಯೇ ಗಡಗಡ ನಡುಗಿತು. ಗಂಡ ಸದಾ ತೊಟ್ಟಿಯ ಮುಂದೆ ಕೂರುತ್ತಾನೆಂದು ಸುನಿತಾ ಒಮ್ಮೆ ಮುನಿಸಿಕೊಂಡಿದ್ದು ಈಗ ಎಲ್ಲರಿಗೂ ನೆನಪಾಗಿತ್ತು.

ಬುಧವಾರದ ಹನ್ನೊಂದು ಗಂಟೆಗೆ ಅವರು ಹೋದಾಗ ರಾಮಲಿಂಗಪ್ಪನ ಕುಣಿಮಗ್ಗದ ಸದ್ದಿರಲಿಲ್ಲ. ಬಾಗಿಲ ಹೊರಗೆ ನಾಲ್ಕಾರು ಮಂದಿ ಗುಸುಗುಸು ಎನ್ನುತ್ತಿದ್ದರು. ಸುನಿತಾ ಒಳಗೆ ಕಾಲಿಟ್ಟಾಗ ಒಬ್ಬಾಕೆ ತನ್ನ ಕೂಸಿನ ಬಾಯಿಗೆ ಸೆರಗು ಮುಚ್ಚಿದಳು.

"ನರ್ಸಬಾಯಿ, ಇದು ನಮ್ಮ ಮನಿ ಮಾತು," ಎಂದ ರಾಮಲಿಂಗಪ್ಪ. "ಇವತ್ತ ಸಿಗಡಿಗೆ ಹಾಕಿದಾಕಿ ನಾಳೆ ನಮ್ಮ ಊಟದ ಗಂಗಾಳಕ್ಕ ಹಾಕೂದಿಲ್ಲಂತ ಹೆಂಗ ನಂಬೂದು?"

"ನಿಮ್ಮ ಟಾಕಿ ನೀರ ನಾನೂ ಕುಡದಾಕಿನ. ನನಗೂ ಅಂಜಿಕಿ ಐತಿ. ಅದಕ್ಕ ನೋಡಾಕ ಬಂದೇನಿ."

ಸುನಿತಾಳ ಮೈದುನ ಮಲ್ಲು ಮುಂದೆ ಬಂದ. "ಆದಿತ್ಯವಾರ ನಾ ಸೊಳ್ಳಿ ಔಷಧ ಹೊಡದೇನ್ರಿ, ಈಗ ಹೇಳಿಬಿಡ್ತೇನಿ. ನಾಳೆ ನನ್ನ ಮ್ಯಾಲೆ ಬಂದ್ರ, ನನ್ನ ಕಳಸಾಕ ತವರಮನಿ ಇಲ್ಲ."

ಮಾಬುಬಿ ತೊಟ್ಟಿಯ ಮುಂದೆ ಮೊಣಕಾಲೂರಿದಳು. ಸಿಗಡಿಗಳನ್ನು ತೆಗೆದಿದ್ದರು. ನಾಲ್ಕು ಸಣ್ಣ ಮೀನುಗಳು ಮಾತ್ರ ಚುರುಕಾಗಿ ಓಡಾಡುತ್ತಿದ್ದವು. ಗಾಜಿಗೆ ಅಂಟಿಕೊಂಡಿರುತ್ತಿದ್ದ ಶಂಖದ ಹುಳುಗಳು ಸತ್ತು ಕೆಳಗೆ ಬಿದ್ದಿದ್ದವು. ಗಿಡ ಹಸಿರಾಗಿತ್ತು, ನೀರು ಅಂಚಿನವರೆಗೂ ತುಂಬಿತ್ತು. ಕಪ್ಪು ಮರಳಿನಲ್ಲಿ, ಗಿಡದ ಬುಡಕ್ಕೆ, ಉಬ್ಬಿದ ಹಳದಿ ಕಾಳೊಂದು ಬಿದ್ದಿತ್ತು. ಬೋರವ್ವ ಅದನ್ನು ಯಾವುದೋ ಹುಳದ ತತ್ತಿಯೆಂದುಕೊಂಡಳು.

"ಪ್ರಭು, ನೀರ ಇಷ್ಟ ತುಂಬಿದವರ ಯಾರು?"

ಸುನಿತಾಳ ಗಂಡ ತಲೆ ಎತ್ತಿದ. "ಗಿಡಾ ನೆಟ್ಟಾಗ ನಾಕ ಬೆರಳು ಖಾಲಿ ಬಿಟ್ಟಿದ್ವಿ. ಒಮ್ಮೆಲೆ ಹೊಸ ನೀರ ಹಾಕಿದ್ರ ಸಿಗಡಿಗೆ ತಡಿಯೂದಿಲ್ರಿ. ಇಕಿ ತುಂಬ್ಯಾಳ ಅನಕೊಂಡೆ."

"ನಾ ಮುಟ್ಟಿಲ್ಲ. ನೀವ ತುಂಬೀರಿ ಅನಕೊಂಡಿದ್ದೆ," ಎಂದಳು ಸುನಿತಾ.

ಮಾಬುಬಿ ಎದ್ದು ದೇವರ ಕೋಣೆಯ ಬಾಗಿಲಿಗೆ ಬಂದಳು. ಅತ್ತೆ ರತ್ನಾಬಾಯಿ ಅಲ್ಲೇ ಜಪಮಣಿ ಹಿಡಿದು ಕುಳಿತಿದ್ದಳು. ದೇವರ ಮುಂದೆ ಸ್ಟೀಲಿನ ಚರಿಗೆಯಲ್ಲಿ ನೀರಿತ್ತು. ತಾಮ್ರದ ಕೊಡ ಮೂಲೆಯಲ್ಲಿ ಬೋರಲಾಗಿತ್ತು.

"ಕೊಡ ಭಾಳ ಛಂದ ಬೆಳಗೀರಿ, ರತ್ನಾಬಾಯಿ."

"ಆದಿತ್ಯವಾರ ಹುಣಸಿಹಣ್ಣ ಹಚ್ಚಿ ತಿಕ್ಕಿದ್ದೆ," ಎಂದಳು ರತ್ನಾಬಾಯಿ. ಅವಳ ಬೆರಳಲ್ಲಿ ಮಣಿ ಮುಂದೆ ಸರಿಯಲಿಲ್ಲ.

ಹಿತ್ತಲಿನ ಬಕೆಟ್ಟಿನಲ್ಲಿ ಉಳಿದರ್ಧ ಗಿಡದ ನಡುವೆ ಮೂರು ಸಿಗಡಿಗಳೂ ಜೀವಂತವಾಗಿದ್ದವು. ಮಾಬುಬಿ ಪ್ರಭುವನ್ನು ಪಕ್ಕಕ್ಕೆ ಕರೆದು, ತೊಟ್ಟಿಯ ಜೊತೆ ಬಾಗಲಕೋಟೆಯಿಂದ ತಂದಿದ್ದ ನೀರು ಪರೀಕ್ಷೆಯ ಸೀಸೆಗಳನ್ನು ತರಿಸಿದಳು. ಅದರಲ್ಲೊಂದು, ನೀರಿನಲ್ಲಿ ತಾಮ್ರವಿದ್ದರೆ ತೋರಿಸುವುದು. ಒಂದು ಬಟ್ಟಲಲ್ಲಿ ತೊಟ್ಟಿಯ ನೀರು, ಇನ್ನೊಂದರಲ್ಲಿ ಬಕೆಟ್ಟಿನ ನೀರು. ಎರಡಕ್ಕೂ ಹನಿ ಬಿದ್ದವು. ಆಮೇಲೆ ಅವಳು ಎಲ್ಲರನ್ನೂ ಪಡಸಾಲೆಗೆ ಕರೆದು, ಹೊರಗೆ ನಿಂತವರನ್ನೂ ಒಳಗೆ ಕೂರಿಸಿದಳು.

"ಮೊದಲ ಚಂದವ್ವನ ಮೊಮ್ಮಗಂದು ಮುಗಿಸ್ತೇನಿ. ನಿನ್ನೆ ಅವನ್ನ ನಾನ ನೋಡೀನಿ. ಎಂಟ ಹುಳಿ ಮಾವಿನಕಾಯಿ ತಿಂದಾನ. ಅವನ ಹೊಟ್ಟಿ ಈಗ ಸುಮ್ಮಿದ್ದದ್ದ ಆಶ್ಚರ್ಯ."

ಚಂದವ್ವ ತಲೆ ತಗ್ಗಿಸಿದಳು.

"ಇನ್ನ ಗಿಡ. ಅದ ಗಿಡ, ಅದ ಟಾಕಿ ನೀರು ಬಕೀಟನ್ಯಾಗ ಐತಿ. ಅಲ್ಲಿ ಸಿಗಡಿ ಬದುಕ್ಯಾವ. ಅಂದ್ರ ಗಿಡದಾಗೂ ವಿಷ ಇಲ್ಲ, ಟಾಕ್ಯಾಗೂ ಇಲ್ಲ. ಮಲ್ಲೂನ ಸೊಳ್ಳಿ ಔಷಧ ನೀರಿಗೆ ಬಿದ್ದಿದ್ರ ಮೀನೂ ಸಾಯ್ತಿದ್ದವು, ಶಂಖದ ಹುಳ ಉಳೀತಿದ್ದವು. ಇಲ್ಲಿ ಮೀನ ಉಳದಾವ, ಸಿಗಡಿ, ಶಂಖದ ಹುಳ ಸತ್ತಾವ. ದಾಳಿಂಬಿ ತೋಟಕ್ಕ ಮೈಲುತುತ್ತ ಹೊಡದಾಗ ಶಂಖದ ಹುಳ ಸಾಯೂದು ನೋಡೀರಿ. ಮೈಲುತುತ್ತ ಅಂದ್ರ ತಾಮ್ರ. ನಮಗ ತಡೀತದ, ಆ ಸಣ್ಣ ಜೀವಕ್ಕ ಎಳ್ಳಷ್ಟ ಸಾಕು."

ಅವಳು ಬಟ್ಟಲುಗಳನ್ನು ಮುಂದಿಟ್ಟಳು. ಬಕೆಟ್ಟಿನ ನೀರು ಹಾಗೇ ಇತ್ತು. ತೊಟ್ಟಿಯ ನೀರು ಬಣ್ಣ ತಿರುಗಿತ್ತು.

"ನಾಕ ಬೆರಳು ನೀರ ಯಾರೋ ತುಂಬ್ಯಾರ. ಹುಣಸಿಹಣ್ಣಿನ ಹುಳಿ ಹತ್ತಿದ ತಾಮ್ರದ ಕೊಡದಾಗ ರಾತ್ರಿಯೆಲ್ಲ ನಿಂತ ನೀರು. ಹಾಕಿದವರು ವಿಷ ಅಂತ ಹಾಕಿಲ್ಲ. ಮನಿಗೆ ಹೊಸ ಗಿಡ ಬಂದ್ರ ಮೊದಲ ನೀರು ಹಿರೇ ಹೆಣ್ಣಮಗಳದ್ದು. ದೇವರ ಕೊಡದ್ದು. ನಾಕ ಕಾಳ ಅಕ್ಷತಿ ಕೂಡ. ಒಂದ ಕಾಳ ಮರಳಿನ್ಯಾಗ ಇನ್ನೂ ಐತಿ."

ತನ್ನ ಮನೆಗೆ ಬಂದ ಪ್ರತಿ ಗಿಡಕ್ಕೂ ಬೋರವ್ವ ಹೀಗೇ ನೀರೆರೆದಿದ್ದಳು. ಆ ಗಿಡ ಗಾಜಿನ ತೊಟ್ಟಿಯಲ್ಲಿ ಬಂದಿದ್ದರೆ ಅವಳ ಕೈಯಿಂದಲೂ ಇದೇ ಆಗುತ್ತಿತ್ತು.

ಎಲ್ಲರ ಕಣ್ಣುಗಳು ದೇವರ ಕೋಣೆಯ ಹೊಸ್ತಿಲಲ್ಲಿ ಕೂತಿದ್ದ ರತ್ನಾಬಾಯಿಯತ್ತ ತಿರುಗಿದವು. "ಅವ್ವಾ?" ಎಂದ ಪ್ರಭು.

"ನೀರ ಹಾಕಿದ್ದು ತಪ್ಪಲ್ಲ," ಎಂದಳು ಮಾಬುಬಿ. ಅವಳ ದನಿ ತಗ್ಗಿತ್ತು. "ಆದ್ರ ಸೋಮವಾರನ ನಿಮಗ ಸಂಶೆ ಬಂತು. ಬಂತಂತ ಕೊಡ ಬೋರಲ ಹಾಕಿ, ದೇವರಿಗೆ ಸ್ಟೀಲಿನ ಚರಗಿ ಇಟ್ರಿ. ದೇವರನ್ನ ಕಾಪಾಡಿದ್ರಿ. ಸೊಸಿನ ಬಿಟ್ರಿ."

ರತ್ನಾಬಾಯಿ ಜಪಮಣಿ ಕೆಳಗಿಟ್ಟಳು. "ಸೋಮವಾರ ನಸುಕಿನ್ಯಾಗ ಪೂಜಿ ಮುಗಿಸಿ ಹಾಕಿದೆ. ದೇವರ ನೀರಿನಿಂದ ಅಷ್ಟ ಜೀವ ಹೋದವು ಅಂದ್ರ ನಾ ಏನ ಪಾಪ ಮಾಡೀನೋ ಅಂತ ಅಂಜಿಕಿ ಬಂತು. ಬಾಯಿ ಬಿಡಬೇಕಂತ ಮೂರ ದಿನಾ ಎದ್ದು ನಿಂತೆ. ಪ್ರತಿ ಸಲ ಎಲ್ಲಾರೂ ಇಕಿ ಹೆಸರ ಹೇಳೂದು ಕೇಳಿ ಸುಮ್ಮ ಕುಂತೆ."

ರಾಮಲಿಂಗಪ್ಪ ಸೊಸೆಯತ್ತ ನೋಡದೆ, "ಬಸ್ಸಿಗೆ ಹೋಗೂದು ಬ್ಯಾಡವ್ವ," ಎಂದ.

"ಹೋಗ್ತೇನ್ರಿ, ಮಾವಾರ. ನೀವು ಕಳಸ್ತೀರಂತ ಅಲ್ಲ. ನಮ್ಮವ್ವಗ ಫೋನ್ ಮಾಡಿ ನಿಮ್ಮ ಮಗಳು ವಿಷ ಹಾಕ್ಯಾಳಂದ್ರಿ. ಆಕಿ ಎರಡ ದಿನದಿಂದ ಉಂಡಿಲ್ಲ. ನನ್ನ ಮಾರಿ ನೋಡಬೇಕು ಆಕಿ."

ರತ್ನಾಬಾಯಿ ಗೋಡೆ ಹಿಡಿದು ಎದ್ದಳು. "ನಾನೂ ಬರ್ತೇನಿ. ಎದುರಿಗೆ ನಿಂತು ನಾನ ಹೇಳಬೇಕು."

ಸುನಿತಾ ಮೂಲೆಯಲ್ಲಿದ್ದ ಬಟ್ಟೆಯ ಚೀಲ ಎತ್ತಿಕೊಂಡಳು. ಕಸ್ತೂರಿಯ ಗಂಡನ ಮನೆಯವರು ಯಾರೂ ಹೀಗೆ ಎದ್ದು ಬಂದಿರಲಿಲ್ಲ. ಅತ್ತೆ ಬರುವುದು ಬೇಡವೆಂದು ಸುನಿತಾ ಹೇಳಿಬಿಟ್ಟರೆ ಎಂದು ಬೋರವ್ವ ಅಂಜಿದಳು.

"ಕಿಡಕಿ ಹತ್ರ ನೀವು ಕುಂದರ್ರಿ, ಅತ್ತಿ," ಎಂದಳು ಸುನಿತಾ. "ಬಸ್ಸಿನ್ಯಾಗ ನಿಮಗ ಹೊಟ್ಟಿ ತೊಳಸ್ತದ."