ಚಿಕ್ಕಮ್ಮ ಅರ್ಧಕ್ಕೆ ಬಿಟ್ಟ ರಷ್ಯನ್ ಕಥೆಗಳು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ಹಾಡುಹಗಲಿನಲ್ಲೇ ನಡೆದದ್ದು. ಆಡಿಯೋ ಪುಸ್ತಕಗಳಿಗೆ ಓದುವುದು ನನ್ನ ಚಿಕ್ಕಮ್ಮನ ಕೆಲಸ. ನನ್ನನ್ನು ಸಾಕಿದವಳೂ ಅವಳೇ. ಹಳೇ ರಷ್ಯನ್ ಕಥೆಗಳ ಕನ್ನಡ ಅನುವಾದವನ್ನು ಅರ್ಧ ಓದಿ ತೀರಿಕೊಂಡಳು. ಉಳಿದರ್ಧಕ್ಕೆ ಸ್ಟುಡಿಯೋದವರು ನನ್ನನ್ನು ಕರೆದರು. ದಿನವಿಡೀ ಸಿನಿಮಾ ಡೈಲಾಗ್ ಹೊಡೆಯುವ ಬಾಯಿ, ಇದಕ್ಕಾದರೂ ಆಗಲಿ ಅಂತ.

ಗಾಜಿನ ಕೋಣೆಯಲ್ಲಿ ಕೂತು ಹೆಡ್‌ಫೋನ್ ಏರಿಸಿದೆ. ಯಾರೋ ಈಗಷ್ಟೇ ತೆಗೆದಿಟ್ಟ ಹಾಗೆ ಅದು ಬೆಚ್ಚಗಿತ್ತು. ಮೊದಲ ಉದ್ದ ಹೆಸರಿಗೇ ಎಡವಿದೆ. ಕಿವಿಯಲ್ಲಿ ಮೆಲ್ಲಗೆ ಕೇಳಿಸಿತು: “ನಿಕಿಫೊರೊವ್ನ ಕಣೋ, ಕೋತಿ. ನುಂಗ್ಬೇಡ.”

ನನ್ನನ್ನು ಕೋತಿ ಎನ್ನುತ್ತಿದ್ದವಳು ಅವಳೊಬ್ಬಳೇ.

ಗಾಜಿನಾಚೆ ಕೂತಿದ್ದ ರೆಕಾರ್ಡಿಂಗ್ ಅಣ್ಣನನ್ನು ಕೇಳಿದೆ, “ಅಣ್ಣಾ, ಏನಾದ್ರೂ ಕೇಳಿಸ್ತಾ?”

“ನಿನ್ನ ಒದರಾಟ ಬಿಟ್ರೆ ಏನೂ ಇಲ್ಲ ಹೀರೋ. ಓದು, ಓದು.”

ಹೆದರಿ ಓಡಬೇಕಾದವನು ಇನ್ನೊಂದು ಬೈಗುಳಕ್ಕೆ ಕಾದು ಕೂತೆ. ಅಂದಿನಿಂದ ದಿನವೂ ಬೇಕಂತಲೇ ಹೆಸರು ತಿರುಚಿ ಓದಿದೆ. ಪ್ರತಿ ಸಲವೂ ಬೈದಳು, ಬೈದು ಮೂಗಿನಲ್ಲೇ ನಕ್ಕಳು. ಪುಸ್ತಕ ಮುಗಿದರೆ ಅವಳು ಇನ್ನು ಬರಲಿಕ್ಕಿಲ್ಲ ಎನಿಸಿತು. ಅದಕ್ಕೇ ಕೊನೆಯ ದಿನ, ಅಣ್ಣ ಟೀ ಕುಡಿಯಲು ಎದ್ದು ಹೋದಾಗ, ಕೊನೆಯ ಪುಟ ಓದದೆ ಜಾರಿಕೊಂಡೆ. ನಾಳೆ ಬಂದು ಮತ್ತೆ ಬೈಸಿಕೊಳ್ಳುವುದು ನನ್ನ ಪ್ಲಾನ್.

ಮರುದಿನ ಹೋದರೆ ಅಣ್ಣ ಕೈ ಹಿಡಿದುಕೊಂಡ. “ಕೊನೇ ಪುಟ ಏನ್ ಓದಿದೀಯೋ ಮಾರಾಯಾ! ಕಣ್ಣಲ್ಲಿ ನೀರು ಬಂತು. ಇನ್ನು ನೀನು ಬರೋದೇ ಬೇಡ, ಎಲ್ಲಾ ಮುಗೀತು.”

ಹಾಕಿ ಕೇಳಿಸಿದ. ನನ್ನದೇ ದನಿ. ಒಂದೇ ಒಂದು ತಪ್ಪಿಲ್ಲ.