ಕನ್ಯಾನದ ಪೈಪು ಕೋವಿ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ವಿಟ್ಲ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಹುಡುಗಿಯ ಚೂಡಿದಾರದ ತೋಳಿನಲ್ಲಿ ಒಣಗಿದ ರಕ್ತವಿತ್ತು. ಹೆಸರು ವಿಸ್ಮಿತಾ, ಊರು ಕನ್ಯಾನ. ರಾತ್ರಿಯೆಲ್ಲ ಮಂಗಳೂರಿನ ಆಸ್ಪತ್ರೆಯಲ್ಲಿ ಅಪ್ಪನ ಮಗ್ಗುಲಲ್ಲಿ ಕೂತು, ಬೆಳಗಿನ ಬಸ್ಸಿಗೆ ನೇರ ಇಲ್ಲಿಗೇ ಬಂದಿದ್ದಳು. ಸಬ್ ಇನ್‌ಸ್ಪೆಕ್ಟರ್ ಲೋಲಾಕ್ಷಿ ಮೊದಲು ಅವಳಿಗೆ ಚಾ ತರಿಸಿದಳು. ದೂರು ಬರೆಸಿಕೊಂಡದ್ದು ಆಮೇಲೆ.

ಹುಡುಗಿಯ ಅಪ್ಪ ಡೊಂಬಯ್ಯ ಹಾಲಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದವರು. ಭಾನುವಾರ ಸಂಜೆ ಆರೂವರೆ ಹೊತ್ತಿಗೆ ಕೆಲಸ ಮುಗಿಸಿ, ಬಸ್ ತಂಗುದಾಣದ ಪಕ್ಕ ಸ್ಕೂಟರ್ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದರು. ದೂರದಲ್ಲೆಲ್ಲೋ ಢಂ ಎಂದು ಸದ್ದಾಯಿತು. ಏನೆಂದು ತಲೆಯೆತ್ತುವಷ್ಟರಲ್ಲಿ ಎಡಗೆನ್ನೆಗೆ ಪೆಟ್ಟು ಬಿದ್ದಿತ್ತು. ಕೆನ್ನೆಯ ಮೂಳೆ ಮುರಿದಿದೆ. ಕಣ್ಣಿನ ವಿಷಯ ಈಗಲೇ ಹೇಳುವಂತಿಲ್ಲ ಎಂದಿದ್ದಾರೆ ವೈದ್ಯರು.

"ಯಾರ ಮೇಲಾದರೂ ಸಂಶಯ ಉಂಟಾ?"

"ನಿಝಾರ್, ಮೇಡಂ. ಪೈಪಿನ ಕೋವಿ ಮಾಡುವವ ಊರಿಗೇ ಅವನೊಬ್ಬ ಅಲ್ವಾ?"

"ಅವನು ಹೊಡೆದದ್ದು ನೀನು ನೋಡಿದ್ದಾ?"

"ಇಲ್ಲ. ಎಲ್ಲರೂ ಹೇಳ್ತಾರೆ."

"ಎಲ್ಲರೂ ಹೇಳುವುದನ್ನು ಬರೆಯಲಿಕ್ಕೆ ಇದರಲ್ಲಿ ಜಾಗ ಇಲ್ಲ ಮಗಾ."

ಎಫ್‌ಐಆರ್ ಅಪರಿಚಿತರ ಮೇಲೆ ದಾಖಲಾಯಿತು: ನಿರ್ಲಕ್ಷ್ಯದಿಂದ ಇತರರ ಪ್ರಾಣಕ್ಕೆ ಅಪಾಯ ತಂದು ತೀವ್ರ ಗಾಯ ಮಾಡಿದ್ದು, ಭಾರತೀಯ ನ್ಯಾಯ ಸಂಹಿತೆಯ ನೂರಾ ಇಪ್ಪತ್ತೈದನೇ ಕಲಂ.

ನಿಝಾರ್ ಲೋಲಾಕ್ಷಿಗೆ ಗೊತ್ತಿಲ್ಲದವನೇನಲ್ಲ. ದಮ್ಮಾಮಿನಲ್ಲಿ ಎಸಿ ಮೆಕ್ಯಾನಿಕ್. ರಜೆಯಲ್ಲಿ ಊರಿಗೆ ಬಂದವನು ಪ್ಲಾಸ್ಟಿಕ್ ಪೈಪು ಜೋಡಿಸಿ, ಬಟಾಟೆ ಹಾರಿಸುವ ಕೋವಿ ಮಾಡಿ, ಅದರ ವಿಡಿಯೋ ಹಾಕುತ್ತಿದ್ದ. ತೋಟಕ್ಕೆ ಬರುವ ಮಂಗಗಳು ಒಂದು ನೆಪ. ಹುಚ್ಚು ಮಾತ್ರ ನಿಜ. ಅಲ್ಲಿ ಹೊಸ ಕಂಪನಿಯ ಕೆಲಸಕ್ಕೆ ಪೊಲೀಸರ ನಡತೆ ಪ್ರಮಾಣಪತ್ರ ಬೇಕೆಂದು ಅವನು ಕೊಟ್ಟ ಅರ್ಜಿ ಅವಳ ಮೇಜಿನ ಮೇಲೆಯೇ ಇತ್ತು. ಈ ಕೇಸಿನಲ್ಲಿ ಹೆಸರು ಸೇರಿದರೆ ಆ ಕೆಲಸ ಮುಗಿದ ಹಾಗೆ.

ಹನ್ನೊಂದು ಗಂಟೆಗೆ ಸ್ಥಳದ ಪಂಚನಾಮೆ. ತಂಗುದಾಣದ ಹಿಂದಿನ ಚರಂಡಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಭವಿತ್‌ಗೆ ಒಂದು ತುಂಡು ಸಿಕ್ಕಿತು. ಪೈಪಿನ ಅಳತೆಗೆ ಗುಂಡಗೆ ಕೆತ್ತಿದ ಗೆಡ್ಡೆ. ಒಂದು ಬದಿ ರಕ್ತ. ಕೈಗವಸು ಹಾಕಿಕೋ ಎಂದು ಲೋಲಾಕ್ಷಿ ಹೇಳುವ ಮೊದಲೇ ಅವನು ಬರಿಗೈಯಲ್ಲಿ ಎತ್ತಿ ಆಗಿತ್ತು.

"ಬಟಾಟೆ ಮೇಡಂ. ಇನ್ನೇನು ನೋಡುವುದು? ನಿಝಾರನ ಮನೆ ಇಲ್ಲೇ ಹಿಂದೆ."

ಪಂಚರ ಸಹಿ ಆಗುವಷ್ಟರಲ್ಲಿ ಭವಿತ್ ಎರಡೂ ಅಂಗೈಯನ್ನು ಪ್ಯಾಂಟಿಗೆ ಉಜ್ಜತೊಡಗಿದ್ದ.

"ಎಂತ ಮಾರಾಯ, ನಾಟ್ಯ ಮಾಡ್ತೀಯಾ?"

"ತುರಿಕೆ ಮೇಡಂ! ಇದು ಬಟಾಟೆ ಅಲ್ಲ, ಕೇನೆ!"

ಕೇನೆ ಎಂದರೆ ತುಳುವಿನಲ್ಲಿ ಸುವರ್ಣಗೆಡ್ಡೆ. ಲೋಲಾಕ್ಷಿ ತುಂಡನ್ನು ಲಕೋಟೆಗೆ ಹಾಕಿಸಿ, ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

ನಿಝಾರನ ಮನೆಯ ಬಾಗಿಲಿಗೆ ಅವನ ತಾಯಿ ಬೀಬಿ ಅಡ್ಡ ನಿಂತಿದ್ದರು. "ನನ್ನ ಮಗ ಮನುಷ್ಯರಿಗೆ ಹೊಡೆಯುವವ ಅಲ್ಲ ಮೇಡಂ. ತಂದ ಬಟಾಟೆಯಲ್ಲಿ ಅರ್ಧ ಆಕಾಶಕ್ಕೆ, ಅರ್ಧ ಪಲ್ಯಕ್ಕೆ. ಅಷ್ಟೇ ಅವನ ತಪ್ಪು."

ಅಡುಗೆಮನೆಯ ಮೂಲೆಯಲ್ಲಿ ಬಟಾಟೆಯ ಗೋಣಿ ಅರ್ಧ ತುಂಬಿತ್ತು. ನಿಝಾರ್ ತಾನಾಗಿಯೇ ಎರಡು ಕೋವಿಗಳನ್ನು ತಂದು ಅಂಗಳದಲ್ಲಿಟ್ಟ.

"ನಿನ್ನೆ ಸಂಜೆ ಎಲ್ಲಿದ್ದೆ?"

"ಪುತ್ತೂರಿನಲ್ಲಿ, ತಂಗಿಯ ಮನೆಯಲ್ಲಿ. ಬಂದದ್ದು ಎಂಟಕ್ಕೆ."

"ಇದಕ್ಕೆ ಸುವರ್ಣಗೆಡ್ಡೆ ಹಾಕ್ತಾರಾ?"

ಅವನು ತಟ್ಟನೆ ಮುಖ ಎತ್ತಿದ. ಮತ್ತೆ ನೆಲ ನೋಡಿದ. "ನಾನು ಹಾಕಿಲ್ಲ."

"ಹಾಕಿದರೆ?"

"ಬಟಾಟೆಗಿಂತ ಗಟ್ಟಿ. ದೂರ ಹೋಗ್ತದೆ."

"ಈ ಕೋವಿ ಮತ್ತೆ ಯಾರ ಹತ್ತಿರ ಉಂಟು?"

ನಿಝಾರ್ ಬಗ್ಗಿ ಕೋವಿಯ ಮುಚ್ಚಳ ತಿರುಗಿಸತೊಡಗಿದ.

"ನಿಝಾರ್, ನಿನ್ನ ಅರ್ಜಿ ನನ್ನ ಮೇಜಿನ ಮೇಲುಂಟು. ಗೊತ್ತುಂಟಲ್ಲ?"

"ಗೊತ್ತುಂಟು ಮೇಡಂ. ಆದರೆ ಕಣ್ಣಲ್ಲಿ ನೋಡದ್ದನ್ನು ನಾನು ಹೇಗೆ ಹೇಳುವುದು?"

ಹೊರಗೆ ಬಂದ ಮೇಲೆ ಭವಿತ್ ಗೊಣಗಿದ, "ಯಾರನ್ನೋ ಮುಚ್ಚಿಡ್ತಾನೆ."

"ಹೌದು. ತನ್ನನ್ನಲ್ಲ."

ಮನೆಯಲ್ಲಿ ಗೋಣಿ ಬಟಾಟೆ ಇರುವವನು ತುರಿಸುವ ಗೆಡ್ಡೆಯನ್ನು ಕೂತು ಕೆತ್ತುವುದಿಲ್ಲ. ಬಟಾಟೆ ಇಲ್ಲದವರು ಮಾತ್ರ ಆ ಕಷ್ಟಕ್ಕೆ ಹೋಗುತ್ತಾರೆ. ಆದರೆ ಈ ಕಾಲದಲ್ಲಿ ಬಟಾಟೆ ಇಲ್ಲದ ಅಡುಗೆಮನೆ ಎಲ್ಲಿದೆ? ಲೋಲಾಕ್ಷಿಗೆ ಮೂಡುಬಿದಿರೆಯ ದಿನಗಳು ನೆನಪಾದವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿ ಒಂದು ಬ್ರಾಹ್ಮಣರ ಮನೆಯ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದಳು. ಸಂತೆಗೆ ಹೋದಾಗ ಆ ಮನೆಯೊಡತಿಗೂ ಎರಡು ಕಿಲೋ ಬಟಾಟೆ ತಂದು ಕೊಟ್ಟರೆ ಅವರು ಹೌಹಾರಿದ್ದರು. "ಒಳಗೆ ತರಬೇಡ ಮಾರಾಯ್ತಿ, ನಾಳೆ ಅತ್ತೆಯ ತಿಥಿ!" ತಿಥಿಯ ಅಡುಗೆಗೆ ಬಟಾಟೆ, ಟೊಮೇಟೊ, ಕ್ಯಾರೆಟ್ಟು ಸಲ್ಲದು, ಬಾಳೆಕಾಯಿ, ಕುಂಬಳಕಾಯಿ, ಸುವರ್ಣಗೆಡ್ಡೆಯಂಥ ಊರ ತರಕಾರಿಯೇ ಆಗಬೇಕು.

"ಭವಿತ್, ನಿನ್ನೆ ಈ ಸುತ್ತಿನಲ್ಲಿ ಯಾರ ಮನೆಯಲ್ಲಾದರೂ ತಿಥಿ ಇತ್ತಾ, ಕೇಳು."

ಅಂಗಡಿಯಲ್ಲಿ ಕೇಳಿ ಬಂದ ಭವಿತ್ ಎದುರಿನ ಗುಡ್ಡ ತೋರಿಸಿದ. "ವೆಂಕಟೇಶ್ವರ ಭಟ್ರ ಮನೆಯಲ್ಲಿ, ಅವರ ತಾಯಿಯದ್ದು. ಅಲ್ಲಿಂದ ಇಲ್ಲಿಗೆ ಬಟಾಟೆ ಮುಟ್ಟುವುದೇ ಇಲ್ಲ ಮೇಡಂ."

"ಬಟಾಟೆ ಮುಟ್ಟುವುದಿಲ್ಲ," ಎಂದು ಲೋಲಾಕ್ಷಿ ಜೀಪು ಹತ್ತಿದಳು.

ವೆಂಕಟೇಶ್ವರ ಭಟ್ಟರು ಚಾವಡಿಯಲ್ಲಿ ಕುರ್ಚಿ ಹಾಕಿಸಿದರು. ಒಳಗಿನಿಂದ ಅವರ ಹೆಂಡತಿ ತ್ರಿಪುರಸುಂದರಿ ನೀರು, ಬೆಲ್ಲ ತಂದಿಟ್ಟು ಬಾಗಿಲ ಪಕ್ಕ ನಿಂತರು. ಐವತ್ತರ ಹತ್ತಿರದ ಹೆಂಗಸು. ಬಲಗೈ ಬೆರಳುಗಳ ಸಂದಿ ತುರಿಸಿ ತುರಿಸಿ ಕೆಂಪಾಗಿತ್ತು.

"ನಿಮ್ಮಲ್ಲಿ ಪೈಪಿನ ಕೋವಿ ಉಂಟಂತೆ?"

"ಉಂಟು ಉಂಟು. ಮಂಗಗಳಿಗೆ." ಭಟ್ಟರು ನಕ್ಕರು. "ನಾನೇ ಮಾಡಿದ್ದು. ನಿನ್ನೆ ಬಂದ ನೆಂಟರೆಲ್ಲ ಮೆಚ್ಚಿದರು."

"ಸಂಜೆ ಆರೂವರೆಗೆ ಹೊಡೆದದ್ದೂ ನೀವೇ?"

ನಗು ನಿಂತಿತು. "ಇಲ್ಲ ಮೇಡಂ. ಹಾಗೆ ನೋಡಿದರೆ ಅದನ್ನು ಮಾಡಿದ್ದು ನಾನಲ್ಲ. ಆ ನಿಝಾರ್ ಮಾಡಿಕೊಟ್ಟದ್ದು. ಅವನನ್ನೇ ಕೇಳಿ. ನಮಗೆ ಅದೆಲ್ಲ ಎಂತದೂ ಗೊತ್ತಿಲ್ಲ."

"ಅವನಲ್ಲ," ಎಂದರು ತ್ರಿಪುರಸುಂದರಿ.

"ನೀನು ಒಳಗೆ ಹೋಗು."

ಅವರು ಒಳಗೆ ಹೋಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದರು. "ಹೊಡೆದದ್ದು ನಾನು ಮೇಡಂ. ಮಾಡಿದ್ದೂ ನಾನೇ."

ಭಟ್ಟರು ಕುರ್ಚಿಯಿಂದ ಎದ್ದರು. "ಇವಳಿಗೆ ತಲೆ ಕೆಟ್ಟಿದೆ! ನಿನ್ನೆಯ ಕೆಲಸದಲ್ಲಿ ಸುಸ್ತಾಗಿ..."

"ಭಟ್ರೇ, ನೀವು ಕೂತುಕೊಳ್ಳಿ. ಅಕ್ಕ, ನಿಝಾರ್ ಕಲಿಸಿದ್ದಾ ನಿಮಗೆ?"

"ಅವನಿಗೆ ಕಲಿಸಿದ್ದು ನಾನು. ಹೋದ ರಜೆಯಲ್ಲಿ ನಮ್ಮ ಪಂಪಿನ ಪೈಪು ರಿಪೇರಿಗೆ ಬಂದಿದ್ದ. ಅವನ ಕೋವಿಯಿಂದ ಬಟಾಟೆ ಅಂಗಳ ದಾಟುತ್ತಿರಲಿಲ್ಲ. ಗಾಳಿ ಎಲ್ಲಿ ಸೋರ್ತದೆ ಅಂತ ನಾನು ತೋರಿಸಿಕೊಟ್ಟೆ. ನಾನು ಬಿಎಸ್ಸಿ ಮಾಡಿದವಳು ಮೇಡಂ. ಭೌತಶಾಸ್ತ್ರದಲ್ಲಿ ಕಾಲೇಜಿಗೇ ಮೊದಲು. ಆಮೇಲೆ ಈ ಮನೆಗೆ ಬಂದೆ."

ಅಲ್ಲೇ, ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿ ಕೋವಿಯನ್ನು ವಶಪಡಿಸಿಕೊಂಡರು. ಪಕ್ಕದಲ್ಲಿ ಇನ್ನೂ ಮೂರು ಇದ್ದವು. ಒಂದಕ್ಕಿಂತ ಒಂದು ನಯ, ಒಂದಕ್ಕಿಂತ ಒಂದು ಉದ್ದ. ಕತ್ತರಿಸಿದ ಅಂಚುಗಳನ್ನು ಉಜ್ಜಿದ ರೀತಿ ನೋಡಿ ಭವಿತ್ ಸಣ್ಣಗೆ ಶಿಳ್ಳೆ ಹಾಕಿ, ಮೇಡಂ ನೋಡಿದ್ದನ್ನು ಕಂಡು ಬಾಯಿ ಮುಚ್ಚಿಕೊಂಡ.

ಹೇಳಿಕೆ ದಾಖಲಿಸಿದ್ದು ಠಾಣೆಯಲ್ಲಿ, ಮಧ್ಯಾಹ್ನ ಎರಡರ ನಂತರ.

ಭಾನುವಾರ ನಸುಕಿಗೇ ಎದ್ದು, ಮಡಿಯಲ್ಲಿ ಬರಿಹೊಟ್ಟೆಯಲ್ಲಿ ಅಡುಗೆ ಮಾಡಿ, ಎಲ್ಲರ ಊಟವೂ ಆಗಿ ತ್ರಿಪುರಸುಂದರಿ ಎಲೆಯೆದುರು ಕೂತಾಗ ಮಧ್ಯಾಹ್ನ ಇಳಿದಿತ್ತು. ಚಾವಡಿಯಲ್ಲಿ ಗಂಡ ನೆಂಟರಿಗೆ ಕೋವಿ ತೋರಿಸುತ್ತಿದ್ದರು. ಅತ್ತಿಗೆಗೂ ಇದು ಬರ್ತದಾ ಎಂದು ಯಾರೋ ಕೇಳಿದರು. ಅವಳಿಗೆ ಕುಕ್ಕರಿನ ವಿಸಿಲ್ ಎಣಿಸಲಿಕ್ಕೆ ಬಂದರೆ ಸಾಕು, ಎಂದರು ಗಂಡ. ಎಲ್ಲರೂ ನಕ್ಕರು. ಎಲೆಯೆದುರು ಕೂತ ಇವರಿಗೆ ಆ ನಗು ಕೇಳಿಸಿತು.

"ಸಿಟ್ಟಿನಲ್ಲಿ ಹೊಡೆದಿರಾ?"

"ಸಿಟ್ಟೆಲ್ಲ ಎಂದೋ ಆರಿದೆ. ನೆಂಟರು ಹೋದ ಮೇಲೆ ಹಿತ್ತಿಲಿಗೆ ಹೋದೆ. ಮನೆಯಲ್ಲಿ ಬಟಾಟೆ ಇರಲಿಲ್ಲ. ಉಳಿದ ಸುವರ್ಣಗೆಡ್ಡೆ ಇತ್ತು. ಗಟ್ಟಿ ಅಲ್ವಾ, ಎಷ್ಟು ದೂರ ಹೋಗ್ತದೆ ನೋಡುವ ಅಂತ ಆಯಿತು. ರಸ್ತೆಯವರೆಗೆ ಹೋದೀತು ಅಂತ ಲೆಕ್ಕ ಹಾಕಲಿಲ್ಲ. ಅದು ನನ್ನ ತಪ್ಪು."

"ಪೆಟ್ಟಾದದ್ದು ಯಾವಾಗ ಗೊತ್ತಾಯಿತು?"

"ರಾತ್ರಿಯೇ. ಸುಮ್ಮನಿರು, ಹೇಗೂ ನಿಝಾರನನ್ನು ಹಿಡೀತಾರೆ, ಅಲ್ಲಿಗೆ ಮುಗೀತದೆ ಅಂತ ಇವರು ಹೇಳಿದರು. ನಾನು ಸುಮ್ಮನಿದ್ದೆ. ಅದು ಮೊದಲಿನದ್ದಕ್ಕಿಂತ ದೊಡ್ಡ ತಪ್ಪು." ಮತ್ತೆ ಕೇಳಿದರು, "ಡೊಂಬಯ್ಯನ ಕಣ್ಣು?"

ಲೋಲಾಕ್ಷಿ ಆಸ್ಪತ್ರೆಗೆ ಫೋನು ಮಾಡಿದಳು. ಊತ ಇಳಿಯುತ್ತಿದೆ, ದೃಷ್ಟಿ ಉಳಿಯುತ್ತದೆ, ಪೂರ್ತಿಯೋ ಅಲ್ಲವೋ ನೋಡಬೇಕು ಎಂದರು. ಅದನ್ನು ಕೇಳಿದ ಮೇಲೆ ತ್ರಿಪುರಸುಂದರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳು ಅಲ್ಲಿಯವರೆಗೆ ಕಾದಿತ್ತು.

ದಸ್ತಗಿರಿ ತೋರಿಸಿ, ಜಾಮೀನು ಸಿಗುವ ಪ್ರಕರಣವಾದ್ದರಿಂದ ಠಾಣೆಯಲ್ಲೇ ಜಾಮೀನು ಕೊಟ್ಟದ್ದಾಯಿತು. ಭಟ್ಟರು ಯಾರ ಮುಖವನ್ನೂ ನೋಡದೆ ಸಹಿ ಹಾಕಿದರು. ನಿಝಾರನ ಅರ್ಜಿಯ ಮೇಲೆ ಲೋಲಾಕ್ಷಿ 'ಯಾವುದೇ ಪ್ರಕರಣ ಇಲ್ಲ' ಎಂದು ಬರೆದು ಅಂದೇ ಕಳಿಸಿದಳು.

ಹೊರಡುವಾಗ ತ್ರಿಪುರಸುಂದರಿಯವರನ್ನು ಅವಳು ಬಾಗಿಲವರೆಗೆ ಬಿಟ್ಟಳು. "ಅಕ್ಕ, ಇದು ಹೇಳಿಕೆಗೆ ಅಲ್ಲ. ಅಷ್ಟು ಕೋವಿ ಮಾಡಿದಿರಲ್ಲ, ಮಂಗಗಳಿಗಾ?"

"ಮಂಗಗಳು ಅದಕ್ಕೆ ಹೆದರುವುದೂ ಇಲ್ಲ." ಅವರು ಚಪ್ಪಲಿ ಮೆಟ್ಟಿಕೊಂಡರು. "ಒಮ್ಮೆ ಹೊಡೆದರೆ ಸ್ವಲ್ಪ ಹೊತ್ತು ಕಿವಿ ಗುಂಯ್ ಅಂತ ಮುಚ್ಚಿ ಹೋಗ್ತದೆ ಮೇಡಂ. ಆಗ ಒಳಗಿನಿಂದ ಯಾರು ಕರೆದರೂ ಕೇಳುವುದಿಲ್ಲ."

ಸಂಜೆ ಲೋಲಾಕ್ಷಿ ಕೇಸ್ ಡೈರಿ ಬರೆಯಲು ಕೂತಳು. 'ಯಾರಿಗೂ ನೋವು ಮಾಡುವ ಉದ್ದೇಶ ಕಂಡುಬಂದಿಲ್ಲ' ಎಂದು ಬರೆದಾಗ ಮೇಜಿನ ಮೇಲೆ ಅವಳ ಫೋನು ಬಡಿದುಕೊಂಡಿತು. ಮನೆಯಿಂದ. ಅದು ತಾನಾಗಿ ನಿಲ್ಲುವವರೆಗೂ ಅವಳು ಪೆನ್ನು ಕೆಳಗಿಡಲಿಲ್ಲ.