ಬೀಸದ ಕೈ

"ರಮಿತಾ, ನಿನ್ನೆ ಸಂಜೆ ಮಲಗಿಬಿಟ್ಟಿದ್ದೆಯಾ?"

ಪಿ.ಟಿ. ಸರ್ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಕೇಳಿದರು. ರಮಿತಾ ಎದ್ದು ನಿಂತಳು.

"ಇಲ್ಲ ಸರ್. ನಡೀತಾ ಇದ್ದೆ."

"ನಡೀತಾ ಇದ್ದೆಯಾ? ಎಲ್ಲಿ, ಕನಸಲ್ಲಾ?"

ಐದನೇ ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. ಸರ್ ಲ್ಯಾಪ್‌ಟಾಪನ್ನು ಮಕ್ಕಳ ಕಡೆ ತಿರುಗಿಸಿದರು. ಅದರಲ್ಲಿ ರಮಿತಾಳ ಇಡೀ ದಿನ ಹಸಿರು ಕಂಬಗಳಾಗಿ ನಿಂತಿತ್ತು. ಬೆಳಿಗ್ಗೆ ಶಾಲೆಗೆ ನಡೆದು ಬಂದದ್ದು ಒಂದು ಕಂಬ, ರಿಸೆಸ್ಸಿನಲ್ಲಿ ಓಡಿದ್ದು ಇನ್ನೊಂದು ಕಂಬ. ಸಂಜೆಯ ಜಾಗ ಮಾತ್ರ ಬೋಳು.

"ಬ್ಯಾಂಡ್ ಸುಳ್ಳು ಹೇಳೋದಿಲ್ಲ. ಮನುಷ್ಯರು ಹೇಳ್ತಾರೆ," ಎಂದರು ಸರ್. "ಕೂತ್ಕೋ."

ರಮಿತಾ ಕೂತಳು. ಎಡಗೈಯಲ್ಲಿದ್ದ ಕಪ್ಪು ರಬ್ಬರ್ ಬ್ಯಾಂಡನ್ನು ಕಿತ್ತು ಎಸೆಯಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು.

ಯಾವುದೋ ಕಂಪನಿಯವರು ಆ ಬ್ಯಾಂಡುಗಳನ್ನು ಐದನೇ ಕ್ಲಾಸಿನ ಮಕ್ಕಳಿಗೆಲ್ಲ ಒಂದು ತಿಂಗಳ ಮಟ್ಟಿಗೆ ಕೊಟ್ಟಿದ್ದರು. ಹಗಲು ಎಷ್ಟು ನಡೆದೆ, ರಾತ್ರಿ ಎಷ್ಟು ನಿದ್ದೆ ಮಾಡಿದೆ, ಎಲ್ಲ ಅದು ಬರೆದಿಡುತ್ತಿತ್ತು. ನಾಲ್ಕು ನಾಲ್ಕು ಮಕ್ಕಳ ಟೀಮ್. ಗೆದ್ದ ಟೀಮಿಗೆ ಬದಲಾಪುರದ ಆಚೆ ಒಂದು ರಿಸಾರ್ಟಿನಲ್ಲಿ ಪಿಕ್ನಿಕ್. ಬ್ಯಾಂಡ್ ಕೂಡ ಅವರಿಗೇ.

ರಮಿತಾ ಈವರೆಗೆ ಒಂದು ಪಿಕ್ನಿಕ್ಕಿಗೂ ಹೋದವಳಲ್ಲ. ಒಂದು ವರ್ಷ ಜ್ವರ, ಒಂದು ವರ್ಷ ಅಮ್ಮ ಬೇಡವೆಂದದ್ದು, ಕಳೆದ ವರ್ಷ ಅಜ್ಜ ಆಸ್ಪತ್ರೆಯಲ್ಲಿ. ಪಿಕ್ನಿಕ್ಕಿನ ಮರುದಿನ ಎಲ್ಲರೂ ಅದೇ ಮಾತಾಡುವಾಗ ಸುಮ್ಮನೆ ಪೆನ್ಸಿಲ್ ಚೂಪು ಮಾಡುತ್ತಾ ಕೂರುವುದು ಅವಳಿಗೆ ಸಾಕು ಸಾಕಾಗಿತ್ತು.

ಶಾಲೆ ಬಿಟ್ಟದ್ದೇ ಸಮಿತ್ ಅವಳ ಮೇಲೆ ಹರಿಹಾಯ್ದ. ಅವನು ಟೀಮಿನ ಕ್ಯಾಪ್ಟನ್. ಅವಳ ಬಿಲ್ಡಿಂಗಿನವನೇ.

"ಅರೇ ಯಾರ್, ನಿನ್ನಿಂದಲೇ ನಾವು ಲಾಸ್ಟ್! ಸಂಜೆ ಎಂತ ಮಾಡ್ತೀಯಾ ನೀನು?"

"ಅಜ್ಜನನ್ನು ವಾಕಿಂಗ್ ಕರ್ಕೊಂಡು ಹೋಗ್ತೇನೆ. ನೀನೇ ನೋಡ್ತೀಯಲ್ಲ."

"ಮತ್ತೆ ಸ್ಟೆಪ್ಸ್ ಎಲ್ಲಿ ಹೋಯ್ತು? ಅಜ್ಜ ತಿಂದ್ರಾ?"

ವರ್ತಕ ನಗರದ ಆ ಹಳೇ ಬಿಲ್ಡಿಂಗಿಗೆ ಲಿಫ್ಟ್ ಇರಲಿಲ್ಲ. ರಮಿತಾಳ ಮನೆ ಎರಡನೇ ಮಾಳಿಗೆಯಲ್ಲಿ. ಅವಳು ಬಾಗಿಲು ತೆಗೆದಾಗ ಅಜ್ಜ ಆಗಲೇ ಚಪ್ಪಲಿ ಹಾಕಿ, ಅಂಗಿಯ ಗುಂಡಿ ಹಾಕಿ ತಯಾರಾಗಿ ಕೂತಿದ್ದರು.

"ಬಂದ್ಯಾ ಮಗಾ? ಹಾಲು ಕುಡಿ. ನನ್ನ ಕುದುರೆ ಆಗಿಂದ ಕುಣೀತಾ ಉಂಟು," ಎಂದು ತಮ್ಮ ಎಡಗಾಲನ್ನು ತೋರಿಸಿದರು.

ಕಳೆದ ಮಳೆಗಾಲದಲ್ಲಿ ಅಜ್ಜನಿಗೆ ಸ್ಟ್ರೋಕ್ ಆಗಿತ್ತು. ಅಂದಿನಿಂದ ಆ ಎಡಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. "ದಿನಾ ಮೆಟ್ಟಿಲು ಇಳಿಸಿ, ನಡೆಸಿ. ನಿಲ್ಲಿಸಿದರೆ ಕಾಲು ಮತ್ತೆ ಮರಗಟ್ಟುತ್ತದೆ," ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಅಮ್ಮ ಬೇಲಾಪುರದ ಆಫೀಸಿನಿಂದ ಬರುವಾಗ ಕತ್ತಲಾಗುತ್ತದೆ. ಪಪ್ಪ ಹೋಟೆಲಿನಿಂದ ಬರುವಾಗ ರಮಿತಾಳಿಗೆ ನಿದ್ದೆ. ಹಾಗಾಗಿ ಅಜ್ಜನನ್ನು ನಡೆಸುವ ಕೆಲಸ ಅವಳದ್ದು.

ಅಜ್ಜನಿಗೂ ಒಂದು ಹಟವಿತ್ತು. ಜನವರಿಯ ಕೊನೆಗೆ ಹಿಂದಿನ ಗಲ್ಲಿಯ ಭಜನಾ ಮಂದಿರದಲ್ಲಿ ಮಂಗಳೋತ್ಸವ. ಅಜ್ಜ ಹೋಟೆಲಿನಲ್ಲಿ ದುಡಿಯುತ್ತಿದ್ದಷ್ಟು ಕಾಲವೂ ಶನಿವಾರ ಶನಿವಾರ ಅಲ್ಲಿ ತಾಳ ಹಾಕಿದವರು. ಉಡುಪಿ, ಕುಂದಾಪುರ ಕಡೆಯ ಅವರ ಹಳೇ ಗೆಳೆಯರೆಲ್ಲ ಅವತ್ತು ಅಲ್ಲಿ ಸೇರುತ್ತಾರೆ.

"ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ಕೊಂಡು ಹೋಗುವುದು ಬೇಡ," ಎನ್ನುತ್ತಿದ್ದರು ಅಜ್ಜ. "ನಾನೆಂತ ಗಣಪತಿ ಮೂರ್ತಿಯಾ? ನನ್ನ ಕಾಲಲ್ಲೇ ಹೋಗ್ತೇನೆ."

ಅಜ್ಜನಿಗೆ ಕೋಲಿನ ಮೇಲೆ ನಂಬಿಕೆಯಿಲ್ಲ. ಬಲಗೈಯಿಂದ ರಮಿತಾಳ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಅವಳ ಬಲಗೈಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್. ಸ್ವಲ್ಪ ನಡೆದದ್ದೇ ಅಜ್ಜನಿಗೆ ಕೂರಬೇಕಲ್ಲ! ಹೀಗೆ ಇಬ್ಬರೂ ಮೆಲ್ಲಗೆ ಕಾಂಪೌಂಡಿನ ಸುತ್ತ ಹೋಗುತ್ತಾರೆ. ಎಳೆಯ ಮಗು ಕೂಡ ಅವರಿಗಿಂತ ಬೇಗ ನಡೆದೀತು.

ಅವತ್ತು ಸಮಿತ್ ಕಾಂಪೌಂಡ್ ಗೋಡೆಯ ಮೇಲೆ ಕೂತು ವೇಫರ್ಸ್ ತಿನ್ನುತ್ತಿದ್ದ. ಇವರನ್ನು ಕಂಡು ಧಡಕ್ಕನೆ ಹಾರಿ ಬಂದು ರಮಿತಾಳ ಬ್ಯಾಂಡಿನ ಪುಟ್ಟ ಸ್ಕ್ರೀನಿನಲ್ಲಿ ಸ್ಟೆಪ್ಸ್ ನಂಬರ್ ಇಣುಕಿ ನೋಡಿದ.

"ಈಗ ನಡಿ ನೋಡುವ."

ರಮಿತಾ ಅಜ್ಜನ ಜೊತೆ ನೀರಿನ ಟ್ಯಾಂಕಿನ ತನಕ ಹೋಗಿ ಬಂದಳು. ಬ್ಯಾಂಡಿನಲ್ಲಿ ನಂಬರ್ ಇದ್ದಲ್ಲೇ ಇತ್ತು.

ಸಮಿತ್ ತಲೆ ಕೆರೆದುಕೊಂಡ. ಮತ್ತೆ ಗೋಡೆ ಹತ್ತಿ ಕೂತು, ಕಾಲು ಅಲುಗಿಸದೆ, ತನ್ನ ಬ್ಯಾಂಡಿನ ಕೈಯನ್ನು ಮಾತ್ರ ರಪರಪ ಬೀಸಿದ. ಅವನ ನಂಬರ್ ಸರಸರ ಏರಿತು.

"ಸಮಝಾ! ಇದಕ್ಕೆ ಕೈ ಬೀಸ್ಬೇಕು. ನಿನ್ನ ಒಂದು ಕೈ ಅಜ್ಜನ ಹತ್ರ, ಇನ್ನೊಂದು ಸ್ಟೂಲ್‌ನಲ್ಲಿ. ಸ್ಟೆಪ್ಸ್ ಎಲ್ಲಿಂದ ಬರ್ಬೇಕು?"

ಅಜ್ಜನಿಗೆ ಭಾರೀ ತಮಾಷೆಯೆನಿಸಿತು. "ಇದೆಂತ ಮಾರಾಯ! ನಡೆದವಳಿಗೆ ಲೆಕ್ಕ ಇಲ್ಲ, ಕೂತವನಿಗೆ ಉಂಟು. ನಮ್ಮ ಹೋಟೆಲಿನ ಸೇಠ್ ಕೂಡ ಹೀಗೇ ಇದ್ದ."

ಸಮಿತ್ ನಕ್ಕ. ರಮಿತಾಳಿಗೆ ನಗು ಬರಲಿಲ್ಲ.

"ಕೈ ಬಿಟ್ಟು ನಡೆಸಿ ನೋಡು," ಎಂದ ಸಮಿತ್. "ಸ್ವಲ್ಪ ದೂರ. ಏನೂ ಆಗೋದಿಲ್ಲ."

ರಮಿತಾ ತನ್ನ ಕೈ ಬಿಡಿಸಿಕೊಂಡಳು. ಅಜ್ಜ ನಿಂತಲ್ಲೇ ತೂಗಾಡಿ ಗೋಡೆ ಹಿಡಿದರು. ಕಾಲು ಮುಂದೆ ಬರಲಿಲ್ಲ. ಅವರು ಒಮ್ಮೆ ಮೊಮ್ಮಗಳ ಮುಖ ನೋಡಿದರು, ಒಮ್ಮೆ ಬ್ಯಾಂಡ್ ನೋಡಿದರು.

"ಸ್ಟೂಲ್ ಇಲ್ಲಿಡು ಮಗಾ," ಎಂದರು. "ನಾನು ಕೂರ್ತೇನೆ. ನೀನು ಓಡು. ಇವತ್ತೊಂದಿನ."

ರಮಿತಾ ಓಡಿದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಸುತ್ತು ಹಾಕಿದಳು. ಮರುದಿನ ಲ್ಯಾಪ್‌ಟಾಪಿನಲ್ಲಿ, ಸಂಜೆಯ ಜಾಗದಲ್ಲಿ ಎಲ್ಲಕ್ಕಿಂತ ಎತ್ತರದ ಹಸಿರು ಕಂಬ ಎದ್ದು ನಿಂತಿತ್ತು. "ಶಾಬ್ಬಾಸ್! ಬೈದದ್ದಕ್ಕೆ ಫಲ ಬಂತು," ಎಂದರು ಸರ್.

ಮುಂದಿನ ದಿನವೂ ಅಜ್ಜ ಸ್ಟೂಲಿನಲ್ಲಿ ಕೂತರು, ಅವಳು ಓಡಿದಳು. ಅದರ ಮರುದಿನ ಮನೆಗೆ ಬಂದಾಗ ಅಜ್ಜನ ಚಪ್ಪಲಿ ಮಂಚದ ಕೆಳಗಿತ್ತು.

"ಇವತ್ತು ಬೇಡ ಮಗಾ. ಕಾಲು ನೋಯ್ತದೆ. ನೀನು ಹೋಗು, ಆಡಿ ಬಾ."

ಅಜ್ಜನಿಗೆ ನಿಜವಾಗಿ ನೋವಾದರೆ ಅವರು ನಗುವುದಿಲ್ಲ, ಬೇರೆ ಕಡೆ ತಿರುಗಿಬಿಡುತ್ತಾರೆ. ಅದು ರಮಿತಾಳಿಗೆ ಚೆನ್ನಾಗಿ ಗೊತ್ತಿತ್ತು. ಈಗ ಅಜ್ಜ ಅವಳನ್ನೇ ನೋಡುತ್ತಾ ಬಾಯಿ ತುಂಬ ನಗುತ್ತಿದ್ದರು.

ಇನ್ನೊಂದು ಸಲ "ಬನ್ನಿ ಅಜ್ಜ" ಅಂದಿದ್ದರೆ ಎದ್ದು ಬರುತ್ತಿದ್ದರು. ಅದೂ ಅವಳಿಗೆ ಗೊತ್ತಿತ್ತು. ಅವಳು ಅನ್ನಲಿಲ್ಲ. ಧಡಧಡ ಮೆಟ್ಟಿಲಿಳಿದು ಓಡಿದಳು.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದರು. "ಅಜ್ಜನನ್ನು ಕೆಳಗೆ ಕರ್ಕೊಂಡು ಹೋದ್ಯಾ?"

ರಮಿತಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಓ, ಹೋಗಿ ಬಂದೆವು," ಎಂದರು ಅಜ್ಜ. "ಒಳ್ಳೇ ಗಾಳಿ ಇತ್ತು."

ಅವತ್ತು ರಮಿತಾಳಿಗೆ ನಿದ್ದೆ ಹತ್ತಿರ ಸುಳಿಯಲಿಲ್ಲ. ಅಮ್ಮನಿಗೆ ಎಚ್ಚರವಾದೀತೆಂದು ಮಗ್ಗುಲೂ ಬದಲಿಸದೆ ಬಿದ್ದುಕೊಂಡಿದ್ದಳು. ಬೆಳಿಗ್ಗೆ ಸರ್ ಲ್ಯಾಪ್‌ಟಾಪ್ ನೋಡಿ ಹೇಳಿದರು, "ರಮಿತಾ, ನಿದ್ದೆ ಎ-ಒನ್! ಹೀಗಿರ್ಬೇಕು." ಪಾಪ, ಬ್ಯಾಂಡಿಗೇನು ಗೊತ್ತು? ಅಲುಗಾಡದೆ ಇದ್ದರೆ ಅದಕ್ಕೆ ಎಲ್ಲವೂ ನಿದ್ದೆಯೇ.

ಆಮೇಲೆ ಅಜ್ಜನೂ ಕರೆಯಲಿಲ್ಲ, ಅವಳೂ ಕೇಳಲಿಲ್ಲ. ಕಾಂಪಿಟಿಷನ್ ಮುಗಿಯಲಿ, ಆಮೇಲೆ ದಿನಕ್ಕೆ ಎರಡು ಸಲ ನಡೆಸುತ್ತೇನೆ ಎಂದುಕೊಂಡಳು. ಒಂದು ಸಂಜೆ ಅವಳು ಓಡುತ್ತಿದ್ದಾಗ ಗೇಟಿನಲ್ಲಿದ್ದ ವಾಚ್‌ಮನ್ ಹುಲಗಪ್ಪ ಕರೆದು ಕೇಳಿದ.

"ಯಾಕ ತಂಗಿ, ಅಜ್ಜಾರು ಕಾಣವಲ್ರು? ಆರಾಮದಾರೇನು?"

"ಆರಾಮ್ ಇದ್ದಾರೆ," ಎಂದಳು ರಮಿತಾ. ನಿಲ್ಲದೆ ಓಡಿದಳು. ನಿಂತರೆ ಅವನು ಇನ್ನೂ ಏನಾದರೂ ಕೇಳಿಯಾನು ಎಂದು ಅವಳಿಗೆ ಭಯ.

ಟೀಮ್ ಗೆದ್ದಿತು. ಸಮಿತ್ ಕುಣಿದಾಡಿದ. ಸರ್ ರಮಿತಾಳನ್ನು ಎಲ್ಲರ ಮುಂದೆ ನಿಲ್ಲಿಸಿ, "ಸೋಮಾರಿಯಾಗಿದ್ದವಳು ಹೇಗೆ ಬದಲಾದಳು ನೋಡಿ," ಎಂದು ಚಪ್ಪಾಳೆ ಹೊಡೆಸಿದರು. ಪಿಕ್ನಿಕ್ಕೂ ಆಯಿತು. ರಿಸಾರ್ಟಿನ ನೀರು ತಣ್ಣಗೆ ಕೊರೆಯುತ್ತಿತ್ತು. ಜಾರುಬಂಡಿಯಿಂದ ಜಾರುವಾಗ ಖುಷಿಯಾದದ್ದು ಸುಳ್ಳಲ್ಲ. ಆದರೆ ಅಜ್ಜನಿಗೆ ಏನೆಂದು ವರ್ಣಿಸಲಿ ಎಂದು ಬಸ್ಸಿನಲ್ಲಿ ಯೋಚಿಸುವಾಗ ಒಂದು ಮಾತೂ ಹೊಳೆಯಲಿಲ್ಲ.

ಪಿಕ್ನಿಕ್ಕಿನ ಮರುದಿನವೇ ಮಂಗಳೋತ್ಸವ.

ಅಜ್ಜ ಬಿಳೀ ಪಂಚೆ ಉಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಣೆಗೆ ಗಂಧ ಇಟ್ಟುಕೊಂಡರು. ಅಮ್ಮ ಹಣ್ಣುಕಾಯಿಯ ಚೀಲ ಹಿಡಿದು ಮುಂದೆ ಹೊರಟರು. ರಮಿತಾ ಕೈ ಚಾಚಿದಳು. ಅಜ್ಜ ಹಿಡಿದುಕೊಂಡರು. ಆ ಹಿಡಿತ ಮೊದಲಿನ ಹಾಗಿರಲಿಲ್ಲ. ಇಡೀ ಮೈಯ ಭಾರ ಅವಳ ಕೈಮೇಲೆ ಬಂತು.

ಬಾಗಿಲ ತನಕ ಹೇಗೋ ಬಂದರು. ಮೊದಲನೇ ಮೆಟ್ಟಿಲಿನಲ್ಲಿ ಬಲಗಾಲು ಇಳಿಯಿತು. ಎಡಗಾಲು ಮೇಲೆಯೇ ಉಳಿಯಿತು. ಅಜ್ಜ ಹಲ್ಲು ಕಚ್ಚಿ ಎಳೆದರು. ಹಣೆಯ ಗಂಧ ಬೆವರಿನಲ್ಲಿ ಕರಗಿ ಮೂಗಿನ ಮೇಲೆ ಇಳಿಯಿತು. ಕಾಲು ಬರಲಿಲ್ಲ.

"ಮಾವ, ಎಂತಾಯ್ತು?" ಅಮ್ಮ ಓಡಿ ಮೇಲೆ ಬಂದರು. "ದಿನಾ ಇಳಿದು ಹತ್ತುತ್ತಾ ಇದ್ರಲ್ಲ?"

ಸದ್ದು ಕೇಳಿ ಹುಲಗಪ್ಪನೂ ಬಂದ. "ಅಜ್ಜಾರ, ಹೆಗಲ ಮ್ಯಾಲೆ ಕುಂಡ್ರಿಸ್ಕೊಂಡು ಒಯ್ತೀನ್ರೀ. ನನಗೇನ್ ಭಾರ ಆಗೂದಿಲ್ಲ."

"ಬೇಡ," ಎಂದರು ಅಜ್ಜ. ಏದುಸಿರು ಬಿಡುತ್ತಾ ಅಮ್ಮನ ಕಡೆ ತಿರುಗಿದರು. "ಹಳೇ ಕಾಲು ಜಯಲತಾ. ಎಷ್ಟು ನಡೆಸಿದ್ರೂ ಅಷ್ಟೇ. ಎಂತ ಮಾಡ್ಲಿಕ್ಕಾಗ್ತದೆ?"

ಹುಲಗಪ್ಪ ಏನೋ ಹೇಳಲು ಬಾಯಿ ತೆಗೆದ. ರಮಿತಾಳ ಕಡೆ ನೋಡಿ ಸುಮ್ಮನಾದ.

"ಅಮ್ಮ," ಎಂದಳು ರಮಿತಾ. "ನಾವು ಕೆಳಗೆ ಹೋಗ್ಲೇ ಇಲ್ಲ. ಅಜ್ಜ ಸುಳ್ಳು ಹೇಳಿದ್ದು. ನಾನು... ನಾನು ಒಬ್ಬಳೇ ಹೋಗ್ತಿದ್ದೆ."

"ಯಾವಾಗಿಂದ?"

"ಕಾಂಪಿಟಿಷನ್ ಶುರುವಾಗಿ ಸ್ವಲ್ಪ ದಿನ ಆದ ಮೇಲೆ."

ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಅವಳ ಕೈಯ ಬ್ಯಾಂಡನ್ನು ಸ್ವಲ್ಪ ಹೊತ್ತು ನೋಡಿದರು, ಅಷ್ಟೇ. ಒಂದು ಏಟು ಬಿದ್ದಿದ್ದರೆ ಒಳ್ಳೆಯದಿತ್ತು ಎನಿಸಿತು ರಮಿತಾಳಿಗೆ. ಅಮ್ಮ ಮತ್ತು ಹುಲಗಪ್ಪ ಸೇರಿ ಅಜ್ಜನನ್ನು ಒಳಗೆ ತಂದು ಮಂಚದ ಮೇಲೆ ಕೂರಿಸಿದರು.

"ಹಣ್ಣುಕಾಯಿ ಕೊಟ್ಟು ಬರ್ತೇನೆ," ಎಂದು ಅಮ್ಮ ಹೊರಟರು. "ನೀನು ಅಜ್ಜನ ಹತ್ರ ಇರು."

ಹಿಂದಿನ ಗಲ್ಲಿಯಲ್ಲಿ ಮೈಕ್ ಗರಗರ ಎಂದಿತು. ಭಜನೆ ಶುರುವಾಯಿತು. ಅಜ್ಜ ಕಿಟಕಿಯ ಕಡೆ ಕಿವಿಯಿಟ್ಟರು. "ಇವತ್ತು ತಾಳ ಹಾಕುವವನು ಹೊಸಬ. ಓಡ್ತಾ ಇದ್ದಾನೆ," ಎಂದು ತಮ್ಮ ಬಲಗೈಯನ್ನು ತೊಡೆಯ ಮೇಲೆ ತಟ್ಟಿ ತಾಳ ಹಿಡಿದರು. ರಮಿತಾ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

"ಬಾ ಇಲ್ಲಿ," ಎಂದರು ಅಜ್ಜ. "ಆ ಪಟ್ಟಿಯನ್ನು ನನ್ನ ಕೈಗೆ ಕಟ್ಟು ನೋಡುವ."

ಅವಳು ಕಟ್ಟಿದಳು. ಅಜ್ಜ ಮತ್ತೆ ಜೋರಾಗಿ ತಾಳ ಹಾಕಿದರು. ಬ್ಯಾಂಡಿನಲ್ಲಿ ನಂಬರ್ ಒಂದೊಂದಾಗಿ ಏರಿತು. ಅಜ್ಜ ಅದನ್ನು ಅವಳ ಮುಖದ ಹತ್ತಿರ ಹಿಡಿದು ನಕ್ಕರು.

"ನೋಡಿದ್ಯಾ? ನಡೀತಾ ಇದ್ದೇನೆ. ಭಜನೆ ಮುಗಿಯುವುದರೊಳಗೆ ಮಂದಿರ ಮುಟ್ಟಿಬಿಡ್ತೇನೆ."

ಅಳುತ್ತಿದ್ದ ರಮಿತಾ ಮೂಗು ಒರೆಸಿಕೊಂಡಳು. ಮಂಚದ ಕೆಳಗೆ ಬಗ್ಗಿ ಪ್ಲಾಸ್ಟಿಕ್ ಸ್ಟೂಲ್ ಎಳೆದಳು. ಅದರ ಮೇಲೆ ಧೂಳು ಕೂತಿತ್ತು. ಫ್ರಾಕಿನಿಂದಲೇ ಒರೆಸಿ, ಬಲಗೈಯಲ್ಲಿ ಹಿಡಿದು ಎದ್ದು ನಿಂತಳು. ಎಡಗೈ ಚಾಚಿದಳು.

"ಬನ್ನಿ ಅಜ್ಜ. ಬಾಗಿಲ ತನಕ ಮಾತ್ರ."

ಅಜ್ಜ ತಾಳ ನಿಲ್ಲಿಸಿದರು.

"ಬನ್ನಿ ಅಜ್ಜ," ಎಂದಳು ಇನ್ನೊಂದು ಸಲ.

"ಇವತ್ತು ಬೇಡ ಮಗಾ. ಕಾಲು ನೋಯ್ತದೆ."

ರಮಿತಾ ಅವರ ಮುಖ ನೋಡಿದಳು. ಅಜ್ಜ ಗೋಡೆಯ ಕಡೆ ತಿರುಗಿಕೊಂಡಿದ್ದರು. ನಗುತ್ತಿರಲಿಲ್ಲ.